ಮೊದಲು ತಿಪ್ಪೆ, ಆಮೇಲೆ ಬಾಟಲಿ

(ಸ್ವಸಹಾಯ ಸಂಘಗಳ ಸಭೆಯಲ್ಲಿ ಸಿಸ್ಟರ್ ಅವರು ಮಾಡಿದ ಭಾಷಣ)



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಿಂದ ಮನೆಗೆಲಸ ಬಿಟ್ಟು ಬಂದಿದ್ದೀರಿ. ಇವತ್ತು ನಿಮ್ಮ ಕೈತೋಟದ ಬಗ್ಗೆ ಎರಡು ಮಾತು ಹೇಳುತ್ತೇನೆ.

ಹೋದ ತಿಂಗಳು ಶಿಡ್ಲಘಟ್ಟದ ಕಡೆ ಒಂದು ಸಂಘದ ಸಭೆಗೆ ಹೋಗಿದ್ದೆ. ಒಬ್ಬ ತಾಯಿ ಸಂಘದಲ್ಲಿ ಸಾಲ ತೆಗೆದು ಹ್ಯೂಮಿಕ್ ಆಸಿಡ್ ಬಾಟಲಿ ತಂದು ಸೊಪ್ಪಿನ ಮಡಿಗೆ ಎರಡು ಸಲ ಹಾಕಿದ್ದರು. "ಸಿಸ್ಟರ್, ಇದೊಂದಿದ್ದರೆ ಗೊಬ್ಬರವೇ ಬೇಡ ಅಂದರು. ಸೊಪ್ಪು ಮೇಲೇಳಲಿಲ್ಲ, ಕಂತು ಮಾತ್ರ ಕಟ್ಟಬೇಕು" ಅಂತ ಕಣ್ಣೀರು ಹಾಕಿದರು. ಅವರ ಮನೆ ಹಿಂದೆ ಹೋಗಿ ನೋಡಿದರೆ ರೇಷ್ಮೆ ಹುಳುವಿನ ಹಿಕ್ಕೆ, ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪು, ಕಡ್ಡಿ ಬಿಸಿಲಲ್ಲಿ ಒಣಗುತ್ತಾ ಬಿದ್ದಿತ್ತು!

ಹಾಗಾದರೆ ಹ್ಯೂಮಿಕ್ ಆಸಿಡ್ ಮೋಸವೇ? ಅಲ್ಲ. ಎಲೆ, ಸಗಣಿ, ಕಸ ಚೆನ್ನಾಗಿ ಕೊಳೆತ ಮೇಲೆ ಉಳಿಯುವ ಕಪ್ಪು ಸತ್ವದಲ್ಲೇ ಅದು ಇರುತ್ತದೆ. ಅಂಗಡಿಯದನ್ನು ಹೆಚ್ಚಾಗಿ ಲಿಗ್ನೈಟ್ ಜಾತಿಯ ಕಂದು ಕಲ್ಲಿದ್ದಲಿನಿಂದ ತೆಗೆಯುತ್ತಾರೆ. ತಮಿಳುನಾಡಿನ ನೈವೇಲಿಯಲ್ಲಿ ಇಂಥ ಲಿಗ್ನೈಟ್ ಗಣಿಗಳಿವೆ. ಬೇರು ಚೆನ್ನಾಗಿ ಬಿಡಲು, ಮಣ್ಣಿನಲ್ಲಿರುವ ಪೋಷಕಾಂಶವನ್ನು ಗಿಡ ಎಳೆದುಕೊಳ್ಳಲು ಅದು ಸಹಾಯ ಮಾಡಬಹುದು. ಆದರೆ ಅದು ಗೊಬ್ಬರಕ್ಕೆ ಬದಲಿಯಲ್ಲ. ತಟ್ಟೆಯಲ್ಲಿ ಮುದ್ದೆಯೇ ಇಲ್ಲದಿದ್ದರೆ ಉಪ್ಪಿನಕಾಯಿ ಇದ್ದು ಏನು ಪ್ರಯೋಜನ?

ಒಂದು ಲೆಕ್ಕ ಹಾಕೋಣ. 10 ಅಡಿ ಉದ್ದ, 10 ಅಡಿ ಅಗಲದ ಜಾಗದಲ್ಲಿ ಮೇಲಿನ ಅರ್ಧ ಅಡಿ ಮಣ್ಣೇ ಸುಮಾರು 2 ಟನ್ ತೂಗುತ್ತದೆ. ಅದರಲ್ಲಿ ಜೀವಾಂಶವನ್ನು ಶೇ. 1ರಷ್ಟು ಹೆಚ್ಚಿಸಬೇಕಾದರೆ 20 ಕಿಲೋ ಬೇಕು. ಬಾಟಲಿಯಿಂದ ನಾವು ಹಾಕುವುದು ಕೆಲವೇ ಗ್ರಾಂ. ನಮ್ಮ ಕೆಂಪು ಮಣ್ಣಿಗೆ ಹೊಟ್ಟೆ ತುಂಬುವುದು ಬುಟ್ಟಿ ಬುಟ್ಟಿ ಗೊಬ್ಬರದಿಂದಲೇ.

ಆದ್ದರಿಂದ ಮೊದಲು ಗುಂಡಿ ಮಾಡಿ. ಹಿಕ್ಕೆ, ಹಿಪ್ಪುನೇರಳೆ ಕಸ, ಸಗಣಿ, ಒಣ ಎಲೆ ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ಮೇಲೆ ಮಣ್ಣು ಮುಚ್ಚಿ. ಗುಂಡಿ ಹುಳು ಮನೆಯಿಂದ ದೂರ ಇರಲಿ; ಹಸಿ ಕಸದಿಂದ ಹುಳುವಿಗೆ ರೋಗ ಹರಡುತ್ತದೆ. ಪೂರ್ತಿ ಕೊಳೆತು, ವಾಸನೆ ಹೋಗಿ, ಪುಡಿಪುಡಿಯಾದ ಮೇಲೆಯೇ ಮಡಿಗೆ ಹಾಕಿ.

ಆಮೇಲೂ ಬಾಟಲಿ ಬೇಕು ಅನ್ನಿಸಿದರೆ ಪರೀಕ್ಷೆ ಮಾಡಿ ನೋಡಿ. ಸಂಘಕ್ಕೆಲ್ಲ ಸೇರಿ ಒಂದೇ ಚಿಕ್ಕ ಬಾಟಲಿ ಸಾಕು. ಒಬ್ಬರ ತೋಟದಲ್ಲಿ ಅಕ್ಕಪಕ್ಕ ಎರಡು ಮಡಿ ಮಾಡಿ. ಒಂದೇ ದಿನ, ಒಂದೇ ಬೀಜ, ಅಷ್ಟೇ ಗೊಬ್ಬರ, ಅಷ್ಟೇ ನೀರು. ಒಂದಕ್ಕೆ ಮಾತ್ರ ಚೀಟಿಯಲ್ಲಿ ಬರೆದ ಅಳತೆಯಂತೆ ದ್ರಾವಣ ಹಾಕಿ. ಕೊಯ್ದ ಸೊಪ್ಪನ್ನು ಬೇರೆ ಬೇರೆ ತೂಕ ಮಾಡಿ ಸಂಘದ ಪುಸ್ತಕದಲ್ಲಿ ಬರೆಯಿರಿ. ಹೆಚ್ಚು ಬಂದ ಸೊಪ್ಪಿನ ಬೆಲೆ ಬಾಟಲಿ ಖರ್ಚಿಗಿಂತ ಜಾಸ್ತಿ ಇದ್ದರೆ ಮುಂದುವರಿಸಿ, ಇಲ್ಲದಿದ್ದರೆ ಬಿಟ್ಟುಬಿಡಿ.

ಇನ್ನೊಂದು ಮಾತು. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ಕೇಂದ್ರ ಸರ್ಕಾರ 2021ರಲ್ಲಿ ಹ್ಯೂಮಿಕ್ ಆಸಿಡ್‌ನಂಥ ಜೈವಿಕ ಉತ್ತೇಜಕಗಳನ್ನೂ ತಂದಿದೆ. ಆದ್ದರಿಂದ ಚೀಟಿ ಓದಿ, ರಸೀದಿ ಕೇಳಿ ಪಡೆಯಿರಿ. ಮನೆ ಬಾಗಿಲಿಗೆ ಬಂದವರು ಅವಸರ ಮಾಡಿದರೆ "ಸಂಘದಲ್ಲಿ ಮಾತಾಡಿ ಹೇಳ್ತೀವಿ" ಅನ್ನಿ. ಸಂದೇಹ ಇದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ಚಿಂತಾಮಣಿ ಹತ್ತಿರ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ.

ಸಂಘದ ಹಣ ನಿಮ್ಮ ವಾರವಾರದ ಉಳಿತಾಯ. ಅದನ್ನು ಖರ್ಚು ಮಾಡುವ ಮೊದಲು ನಿಮ್ಮ ಹಿತ್ತಲನ್ನು ಒಮ್ಮೆ ನೋಡಿ. ಮುಂದಿನ ಸಭೆಗೆ ಎಷ್ಟು ಮನೆಯಲ್ಲಿ ಗುಂಡಿ ಆಗಿದೆ ಅಂತ ಕೇಳುತ್ತೇನೆ. ದೇವರು ನಿಮ್ಮನ್ನು ಆಶೀರ್ವದಿಸಲಿ.