ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಷ್ಟು ಗಂಟೆ?

ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರು ಎಷ್ಟು ದೂರ ಅಂತ ಗೂಗಲ್ ಮಾಡಿದ್ರೆ ಎರಡೇ ಸೆಕೆಂಡಲ್ಲಿ ಉತ್ತರ ಬರುತ್ತೆ: ಸುಮಾರು 14,000 ಕಿಲೋಮೀಟರ್, ನೇರ ವಿಮಾನದಲ್ಲಿ ಸುಮಾರು 17 ಗಂಟೆ. ತಪ್ಪೇನಲ್ಲ. ಆದ್ರೆ ನನಗೆ ಹಿಡಿದಿದ್ದು 40 ಗಂಟೆ. ಇವತ್ತು ಆ ಲೆಕ್ಕ ಹೇಳ್ತೀನಿ.

ಮೊದಲು ಈ 14,000. ಗೋಡೆ ಮೇಲಿನ ನಕ್ಷೆ ನೋಡಿದ್ರೆ ವಿಮಾನ ಸಮುದ್ರದ ಮೇಲೆ ಅಡ್ಡಕ್ಕೆ ಹೋಗಬೇಕು ಅನ್ಸುತ್ತೆ. ಗ್ಲೋಬ್ ತಗೊಂಡು ಎರಡು ಊರಿನ ಮಧ್ಯೆ ಒಂದು ದಾರ ಬಿಗಿಯಾಗಿ ಎಳೆದು ನೋಡಿ. ದಾರ ಅಲಾಸ್ಕಾ, ಸೈಬೀರಿಯಾ ಮೇಲೆ ಹೋಗುತ್ತೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಇನ್ನೂ ಮೇಲೆ, ಉತ್ತರ ಧ್ರುವದ ಮೇಲಿಂದಲೇ ಬಂತು. ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಮಹಿಳೆಯರು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್. 9ನೇ ತಾರೀಕು ರಾತ್ರಿ ಹೊರಟವರು 11ರ ಬೆಳಗಿನ ಜಾವ ಇಳಿದ್ರು. ನಡುವಿನ 10ನೇ ತಾರೀಕು ಹೆಚ್ಚುಕಮ್ಮಿ ಆಕಾಶದಲ್ಲೇ ಕಳೀತು!

ಈಗ ನನ್ನ ಕಥೆ. ಒಂದು ನವೆಂಬರ್, ಮಂಗಳವಾರ ಬೆಳಗಿನ ಜಾವ 4 ಗಂಟೆಗೆ ತಮ್ಮನ ಫೋನ್. ಅಪ್ಪಂಗೆ ಹಾರ್ಟ್ ಅಟ್ಯಾಕ್, ಶಿವಮೊಗ್ಗದಲ್ಲಿ ಆಸ್ಪತ್ರೆಗೆ ಸೇರಿಸಿದ್ದೀವಿ ಅಂದ. ಚಳಿಗಾಲದಲ್ಲಿ ನಮಗೂ ಅವರಿಗೂ ಹದಿಮೂರುವರೆ ಗಂಟೆ ವ್ಯತ್ಯಾಸ, ಅಲ್ಲಾಗಲೇ ಸಂಜೆ ಐದೂವರೆ.

ಅವತ್ತು ನೇರ ವಿಮಾನ ಇರ್ಲಿಲ್ಲ. ಸಿಕ್ಕಿದ್ದು ಫ್ರಾಂಕ್‌ಫರ್ಟ್ ಮೇಲೆ ಹೋಗೋದು. ಅಂದ್ರೆ 9,000 ಚಿಲ್ಲರೆ ಕಿಲೋಮೀಟರ್, ಆಮೇಲೆ ಇನ್ನೊಂದು 7,400. ಅದೂ ಹೊರಡೋದು ಮಧ್ಯಾಹ್ನ. ಹತ್ತು ಗಂಟೆ ಮನೇಲಿ, ಏರ್‌ಪೋರ್ಟಲ್ಲಿ ಸುಮ್ನೆ ಕೂತಿದ್ದೆ. ಆಮೇಲೆ 11 ಗಂಟೆ ಹಾರಾಟ, ಫೋನಿಗೆ ಸಿಗ್ನಲ್ ಇಲ್ಲ. ಎದುರಿನ ಪರದೆ ಮೇಲೆ ಪುಟ್ಟ ವಿಮಾನ ಗ್ರೀನ್‌ಲ್ಯಾಂಡ್ ಕಡೆ ತೆವಳ್ತಾ ಇತ್ತು, ಅದನ್ನೇ ನೋಡ್ತಿದ್ದೆ. ಅಪ್ಪ ಇದ್ದಾರೋ ಇಲ್ವೋ ಅಂತ ಗೊತ್ತಿಲ್ದೆ 11 ಗಂಟೆ ಕೂರೋದು, ಅದನ್ನ ಯಾವ ಆ್ಯಪೂ ತೋರಿಸಲ್ಲ.

ಫ್ರಾಂಕ್‌ಫರ್ಟಲ್ಲಿ ಚಕ್ರ ನೆಲ ಮುಟ್ಟಿದ ತಕ್ಷಣ ಫೋನ್ ಆನ್ ಮಾಡಿದೆ. ವಾಟ್ಸ್ಆ್ಯಪ್ ತೆಗೆಯೋಕೆ ಕೈ ಬರ್ಲಿಲ್ಲ. ಕೊನೆಗೆ ತೆಗೆದೆ. "ಸ್ಟೆಂಟ್ ಹಾಕಿದ್ದಾರೆ ಅಕ್ಕ. ಮಾತಾಡ್ತಿದ್ದಾರೆ."

ಅಲ್ಲಿ ಮೂರು ಗಂಟೆ ಕಾಯ್ದು, ಮತ್ತೆ ಒಂಬತ್ತು ಗಂಟೆ ಹಾರಿ, ಗುರುವಾರ ಬೆಳಗಿನ ಜಾವ 3ಕ್ಕೆ ದೇವನಹಳ್ಳೀಲಿ ಇಳಿದೆ. ಇಮಿಗ್ರೇಷನ್, ಬ್ಯಾಗು, ಟ್ಯಾಕ್ಸಿ. ಅಲ್ಲಿಂದ ಶಿವಮೊಗ್ಗ ಸುಮಾರು 300 ಕಿಲೋಮೀಟರ್, ದಾರೀಲಿ ಒಂದು ಕಾಫಿ ಸೇರಿ ಆರು ಗಂಟೆ. ಅಷ್ಟೊತ್ತಲ್ಲಿ ವಿಮಾನ 5,000 ಕಿಲೋಮೀಟರ್ ದಾಟಿರುತ್ತೆ.

ವಾರ್ಡಿಗೆ ಹೋದಾಗ ಹತ್ತು ಗಂಟೆ. ಅಪ್ಪ ಗಂಜಿ ಕುಡೀತಿದ್ರು. ನನ್ನ ನೋಡಿ, "ಇಷ್ಟು ಬೇಗ ಹೆಂಗೆ ಬಂದ್ಯೇ?" ಅಂದ್ರು.