ಚಾಳಿನ ಮಂಡಳಿಯೂ ಮನೆಯೊಡೆಯರ ಸೊಸೈಟಿಯೂ
(ನಮ್ಮ ವಾಚನಾಲಯದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯಲ್ಲಿ ಲೆಕ್ಕ ಬರೆಯುವ ನಾವು ಕಾಯಿದೆ ಪಂಡಿತರಲ್ಲ. ಆದರೂ ಈ ವಿಷಯವನ್ನು ಎತ್ತಿಕೊಂಡುದಕ್ಕೆ ಕಾರಣವಿದೆ. ಇಲ್ಲಿಗೆ ಪತ್ರಿಕೆ ಓದಲು ಬರುವ ಅನೇಕರು ಚಾಳಿನ ಮಂಡಳಿಯ ರಸೀದಿಯನ್ನೂ ಗೃಹನಿರ್ಮಾಣ ಸೊಸೈಟಿಯ ರಸೀದಿಯನ್ನೂ ಒಂದೇ ತಂತಿಗೆ ಚುಚ್ಚಿಡುತ್ತಾರೆ. ಎರಡರಲ್ಲೂ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಇರುತ್ತಾರೆ. ಎರಡಕ್ಕೂ ತಿಂಗಳ ಹಣ ಕೊಡಬೇಕು. ಹೊರನೋಟಕ್ಕೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ ಒಂದರ ಹಣ ತಪ್ಪಿದರೆ ಮುನಿಸು, ಇನ್ನೊಂದರದು ತಪ್ಪಿದರೆ ಜಪ್ತಿ.

ಮಂಡಳಿ ಎಂಬುದು ವಾಸಿಸುವವರ ಕೂಟ. ಬಾಡಿಗೆಯವನಾಗಲಿ, ಊರಿನಿಂದ ಬಂದು ಅಣ್ಣನ ಖೋಲಿಯಲ್ಲಿ ಮಲಗುವ ಹುಡುಗನಾಗಲಿ ಅದಕ್ಕೆ ಸೇರಬಹುದು. ಗಣೇಶೋತ್ಸವ, ನಲ್ಲಿನೀರಿನ ಸರದಿ, ಮೆಟ್ಟಿಲ ದೀಪ, ಸಾವಾದ ಮನೆಗೆ ನೆರವು ಇವು ಅದರ ಕೆಲಸ. ನೋಂದಣಿಯಾಗಿದ್ದರೆ 1860ರ ಸಂಘಗಳ ಕಾಯಿದೆ, 1950ರ ಸಾರ್ವಜನಿಕ ಟ್ರಸ್ಟುಗಳ ಕಾಯಿದೆ ಅದಕ್ಕೆ ಅನ್ವಯಿಸುತ್ತವೆ. ಎಷ್ಟೋ ಮಂಡಳಿಗಳಿಗೆ ಅದೂ ಇಲ್ಲ. ಗೋಡೆ, ಛಾವಣಿ, ನೆಲ ಎಲ್ಲವೂ ಮಾಲಿಕನವು.

ಸೊಸೈಟಿಯು 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯಿದೆಗೆ ಒಳಪಟ್ಟದ್ದು. ಮನೆ ಕೊಂಡು ಷೇರುಪತ್ರ ಪಡೆದವನೇ ಅದರ ಸದಸ್ಯ. ಷೇರು ಎಷ್ಟಿದ್ದರೂ ಒಬ್ಬನಿಗೆ ಒಂದೇ ಮತ. ಹತ್ತು ವರ್ಷ ಬಾಡಿಗೆಗಿದ್ದವನಿಗೆ ಮತವಿಲ್ಲ, ದುಬೈಯಲ್ಲಿರುವ ಒಡೆಯನಿಗೆ ಉಂಟು. ಇದು ನಮಗೆ ಅಷ್ಟು ಸರಿಯೆನಿಸುವುದಿಲ್ಲ. ನೀರು ಬಾರದ ದಿನ ಕೊಡ ಹಿಡಿದು ನಿಲ್ಲುವವನು ಬಾಡಿಗೆಯವನೇ ತಾನೆ! ಇರಲಿ. ಸದಸ್ಯನು ಬಾಕಿ ಉಳಿಸಿಕೊಂಡರೆ ಸೊಸೈಟಿಯು ರಿಜಿಸ್ಟ್ರಾರರಿಂದ ವಸೂಲಿಪತ್ರ ಪಡೆದು ಭೂಕಂದಾಯದ ಬಾಕಿಯಂತೆಯೇ ವಸೂಲು ಮಾಡಬಲ್ಲುದು. ಒಡೆಯನು ಮನೆಯನ್ನು ಬಾಡಿಗೆಗೆ ಕೊಟ್ಟರೆ ಹೆಚ್ಚಿನ ಶುಲ್ಕವನ್ನೂ ಹೇರುತ್ತದೆ. 2001ರ ಸರ್ಕಾರಿ ಆದೇಶವು ಇದನ್ನು ಸೇವಾಶುಲ್ಕದ ಶೇಕಡಾ 10ಕ್ಕೆ ಮಿತಿಗೊಳಿಸಿತು. ಈ ಹಣವನ್ನು ಒಡೆಯರು ಬಾಡಿಗೆಯಲ್ಲಿ ಸೇರಿಸಿ ಕೇಳುವುದುಂಟು. ಕೇಳಿದಾಗ ಲೆಕ್ಕ ತೋರಿಸಿರೆಂದು ಹೇಳಲು ಸಂಕೋಚ ಬೇಡ.

ಮುಂಬಯಿಯಲ್ಲಿ ಈ ಎರಡನ್ನೂ ಬೇರೆಬೇರೆಯಾಗಿ ಕಟ್ಟಿ ತೋರಿಸಿದವರು ನಮ್ಮ ಕೆನರಾ ಸೀಮೆಯಿಂದ ನೌಕರಿಗಾಗಿ ಬಂದವರೇ. ಮನೆಮಾತು ಕೊಂಕಣಿಯಾದ ಆ ಸಾರಸ್ವತರು 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಷನ್ ಸ್ಥಾಪಿಸಿದರು. ಮನೆಯ ಪ್ರಶ್ನೆ ಬಂದಾಗ ಅದನ್ನು ಈ ಅಸೋಸಿಯೇಷನ್ನಿನ ತಲೆಗೆ ಕಟ್ಟಲಿಲ್ಲ. 1915ರಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರ ಮುಂದಾಳತನದಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನು ಪ್ರತ್ಯೇಕವಾಗಿ ತೆಗೆದರು. ಅದಕ್ಕೂ ಮೊದಲು, 1906ರಲ್ಲಿ, ತಲ್ಮಕಿಯವರೇ ಶಾಮರಾವ್ ವಿಠ್ಠಲ್ ಸಹಕಾರಿ ಬ್ಯಾಂಕು ಆರಂಭಿಸಿದ್ದರು. ಉಳಿತಾಯಕ್ಕೆ ಒಂದು, ಸೂರಿಗೆ ಒಂದು, ಕೂಡಿ ಕುಳಿತುಕೊಳ್ಳಲು ಒಂದು! ತಾಡದೇವದ ತಲ್ಮಕಿವಾಡಿಗೆ ಅವರ ಹೆಸರೇ ಇದೆ.

ಈಗ ಹಳೆಯ ಚಾಳುಗಳನ್ನು ಕೆಡವಿ ಹೊಸ ಕಟ್ಟಡ ಎಬ್ಬಿಸುವಾಗ ಈ ಭೇದವನ್ನು ಅರಿಯದವರಿಗೆ ಪೆಟ್ಟು ಬೀಳುತ್ತಿದೆ. ನಮಗೆ ಪರಿಚಯವಿರುವ ಹಿರಿಯರೊಬ್ಬರು ಹದಿನೆಂಟು ವರ್ಷ ತಮ್ಮ ಚಾಳಿನ ಮಂಡಳಿಯ ಖಜಾಂಚಿಯಾಗಿದ್ದರು. ಒಂದು ಪೈಸೆ ಆಚೀಚೆಯಾಗಲಿಲ್ಲ. ಹೊಸ ಕಟ್ಟಡದ ಸೊಸೈಟಿಗೆ ಹೆಸರು ಬರೆಸುವಾಗ ಅವರು ಮಂಡಳಿಯ ರಸೀದಿಗಳ ಕಟ್ಟನ್ನೇ ಕೊಂಡೊಯ್ದರು. ಅಲ್ಲಿ ಕೇಳಿದ್ದು ಬಾಡಿಗೆಯ ಪಾವತಿ. ಅದು ಎಂದೋ ಊರಿಗೆ ಮರಳಿ ತೀರಿಕೊಂಡ ಸೋದರಮಾವನ ಹೆಸರಿನಲ್ಲಿತ್ತು. ಮಾವನ ನಾಲ್ವರು ಮಕ್ಕಳ ಸಹಿಗಾಗಿ ಅವರು ಇಂದಿಗೂ ಬಾಗಲಕೋಟೆ ಗಾಡಿ ಹತ್ತಿ ಇಳಿಯುತ್ತಿದ್ದಾರೆ. ಖೋಲಿ ಯಾರ ಹೆಸರಿನಲ್ಲಿದೆ ಎಂದು ಇಂದು ರಾತ್ರಿಯೇ ಪೆಟ್ಟಿಗೆ ತೆಗೆದು ನೋಡಿರಿ. ಹಿರಿಯರು ಬದುಕಿರುವಾಗ ವರ್ಗಾವಣೆಯ ಮಾತು ಎತ್ತುವುದು ಅಮಂಗಳವಲ್ಲ.

2012ರಲ್ಲಿ ಮ್ಹಾಡಾದ ಚೀಟಿ ಎತ್ತಿದಾಗ ಮನೆ ದೊರೆತ ಗಿರಣಿ ಕಾರ್ಮಿಕರಂಥವರಿಗೆ ತೊಡಕು ಬೇರೆ ತರಹದ್ದು. ಚಾಳಿನಲ್ಲಿ ಮಾಲಿಕನನ್ನು ಬೈದರೆ ಸಾಕಾಗಿತ್ತು. ಒಡೆಯರಾದ ಮೇಲೆ ಲಿಫ್ಟು, ಪಂಪು, ದುರಸ್ತಿ ಎಲ್ಲಕ್ಕೂ ತಾವೇ ಹಣ ಸೇರಿಸಬೇಕು, ಸಭೆಗೂ ಹೋಗಬೇಕು. ಸೊಸೈಟಿಯ ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕೆಂದು ಕಾಯಿದೆಯಿದೆ. ಅದರ ನೋಟೀಸು ಸಾಮಾನ್ಯವಾಗಿ ಮರಾಠಿಯಲ್ಲಿರುತ್ತದೆ. ಓದಲು ಬಾರದವರು ಭಾನುವಾರ ಬೆಳಿಗ್ಗೆ ಇಲ್ಲಿಗೆ ತಂದರೆ ನಾವು ಓದಿ ಹೇಳುತ್ತೇವೆ. ಷೇರುಪತ್ರದ ನಕಲನ್ನೂ ಜೊತೆಗೆ ತನ್ನಿರಿ.