ಮಗ್ಗುಲ ನೋಟ ಮರಳುವ ಬಗೆ

ಸಂಜೆಯ ವೇಳೆ ಜಯನಗರದ ನಾಲ್ಕನೆಯ ಬ್ಲಾಕಿನ ಅಂಗಡಿಬೀದಿಯಲ್ಲಿ ನಡೆಯುತ್ತಿದ್ದೇವೆಂದು ಭಾವಿಸೋಣ. ಎದುರಿನ ಹೂವಿನ ಬುಟ್ಟಿ ಸ್ಪಷ್ಟವಾಗಿಯೇ ಕಾಣುತ್ತದೆ. ಆದರೆ ಎಡಬಲಗಳಿಂದ ಬರುವವರ ಭುಜ ನಮಗೆ ತಾಗುತ್ತಲೇ ಇರುತ್ತದೆ. ಕನ್ನಡಕವನ್ನು ಬದಲಿಸುತ್ತೇವೆ. ತಾಗುವುದು ನಿಲ್ಲುವುದಿಲ್ಲ. ವಯಸ್ಸಾಯಿತೆಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಹೀಗೆ ತಿಂಗಳುಗಳು, ಒಮ್ಮೊಮ್ಮೆ ವರ್ಷಗಳೇ, ಕಳೆದುಹೋಗುವುದುಂಟು.

ದೋಷ ಕಣ್ಣಿನಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಮೂಗಿನ ಹಿಂಬದಿಗೆ, ಮಿದುಳಿನ ತಳದಲ್ಲಿ, ಎಲುಬಿನ ಗುಳಿಯೊಂದರೊಳಗೆ ಕಡಲೆಕಾಳಿನ ಗಾತ್ರದ ಪಿಟ್ಯುಯಿಟರಿ ಗ್ರಂಥಿಯಿದೆ. ತೂಕ ಸುಮಾರು ಅರ್ಧ ಗ್ರಾಂ. ಆ ಗುಳಿಗೆ ಶಾರೀರಶಾಸ್ತ್ರಜ್ಞರು ತುರ್ಕಿಯ ಜೀನು ಎಂಬ ಸೊಗಸಾದ ಹೆಸರಿಟ್ಟಿದ್ದಾರೆ. ಅದರ ಮೇಲ್ಗಡೆಯಲ್ಲಿಯೇ ಎರಡು ಕಣ್ಣುಗಳ ನರಗಳೂ ಕೂಡಿ, ಅವುಗಳ ಅರ್ಧದಷ್ಟು ಎಳೆಗಳು ಒಂದನ್ನೊಂದು ದಾಟುತ್ತವೆ. ದಾಟುವ ಎಳೆಗಳು ಹೊರಮಗ್ಗುಲಿನ ನೋಟವನ್ನು ಹೊತ್ತಂಥವು. ಗ್ರಂಥಿಯಲ್ಲಿ ಗೆಡ್ಡೆ ಬೆಳೆದು ಮೇಲಕ್ಕೊತ್ತಿದರೆ ಸಾಮಾನ್ಯವಾಗಿ ಮೊದಲು ನರಳುವುವು ಅವೇ. ಜಟಕಾ ಕುದುರೆಗೆ ಕಣ್ಣುಪಟ್ಟಿ ಕಟ್ಟಿದಂತಾಗುತ್ತದೆ. ಅಕ್ಷರಫಲಕವನ್ನು ಕೊನೆಯ ಸಾಲಿನವರೆಗೆ ಓದಿದವರಲ್ಲಿಯೂ ಈ ಕೊರತೆಯಿರಬಹುದಾದ ಕಾರಣ, ಫಲಕವೊಂದನ್ನೇ ನಂಬುವುದು ಸಾಲದೆಂದು ನಮ್ಮ ಅಭಿಪ್ರಾಯ.

ಈ ಗೆಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರಲ್ಲ. 1907ರಲ್ಲಿ ಆಸ್ಟ್ರಿಯದ ಇನ್ಸ್‌ಬ್ರುಕ್ ನಗರದಲ್ಲಿ ಷ್ಲೋಫರ್ ಎಂಬ ಶಸ್ತ್ರವೈದ್ಯರು ಮೂಗಿನ ದಾರಿಯಿಂದ ಇದನ್ನು ತೆಗೆದರು. ಇಂದು ಜಯನಗರಕ್ಕೆ ಸಮೀಪದಲ್ಲಿಯೇ, ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯಲ್ಲಿ, ಹೊಳ್ಳೆಯೊಳಗೆ ಎಂಡೋಸ್ಕೋಪನ್ನು ತೂರಿಸಿ ಆ ಕಾರ್ಯವನ್ನು ನಡೆಸುತ್ತಾರೆ.

ಭಾರ ಇಳಿದ ಮೇಲೆ ನರದ ಗತಿಯೇನು? ಕೆಲವರಿಗೆ ಅರಿವಳಿಕೆ ಇಳಿದ ಕೆಲವೇ ಗಂಟೆಗಳಲ್ಲಿ ವಾರ್ಡಿನ ಗೋಡೆ ಬೆಳಗಿದಂತೆ ತೋರುತ್ತದೆ. ತಡೆದು ನಿಂತಿದ್ದ ಸಂದೇಶ ಮತ್ತೆ ಹರಿಯಿತು. ತರುವಾಯ ವಾರಗಳ, ತಿಂಗಳುಗಳ ನಿಧಾನ: ಎಳೆಗಳ ಮೇಲಿನ ಹೊದಿಕೆ ಪುನಃ ಕೂಡಿಕೊಳ್ಳುವ ಕಾಲವದು. ಅಲ್ಪಸ್ವಲ್ಪ ಸುಧಾರಣೆ ವರ್ಷಗಳವರೆಗೂ ಕಂಡುಬರಬಹುದು. ಆದರೆ ಸತ್ತ ಎಳೆ ಬದುಕಲಾರದು. ಆದಕಾರಣ ಶಸ್ತ್ರಕ್ರಿಯೆಗೆ ಮುನ್ನವೇ ಓಸಿಟಿ ಎಂಬ ಯಂತ್ರದಿಂದ ಅಕ್ಷಿಪಟದ ನರತಂತುಗಳ ಪದರವನ್ನು ಅಳೆಯುವುದುಂಟು. ಪದರ ಉಳಿದಿದ್ದರೆ ಆಸೆ ಹೆಚ್ಚು. ತೆಳ್ಳಗಾಗಿದ್ದರೆ, ಶಸ್ತ್ರಕ್ರಿಯೆ ಎಷ್ಟೇ ಚೆನ್ನಾಗಿ ನಡೆದರೂ, ನೋಟ ಅರೆಯಾಗಿಯೇ ಉಳಿದೀತು. ಕಳೆದ ಆ ತಿಂಗಳುಗಳ ಲೆಕ್ಕ ಇಲ್ಲಿ ಬಂದು ಸೇರುತ್ತದೆ.

ಶ್ರೋತೃಗಳು ಮನೆಯಲ್ಲಿ ಒಂದು ಪ್ರಯೋಗವನ್ನು ಮಾಡಿನೋಡಬಹುದು. ಒಂದು ಕಣ್ಣನ್ನು ಮುಚ್ಚಿ, ಎದುರು ಕುಳಿತವರ ಮೂಗನ್ನೇ ನೋಡುತ್ತಿರಬೇಕು. ಅವರು ಪಕ್ಕದಿಂದ ಬೆರಳನ್ನು ಆಡಿಸುತ್ತಾ ಒಳಕ್ಕೆ ತರಲಿ. ಹೊರಗಡೆಯಲ್ಲಿ ಬೆರಳು ತಡವಾಗಿ ಕಂಡರೆ ದೃಷ್ಟಿಕ್ಷೇತ್ರದ ಪರೀಕ್ಷೆಗೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಕಂಡರೂ ಸಂಶಯವಿದ್ದರೆ ಹೋಗತಕ್ಕದ್ದೇ.

ಶಸ್ತ್ರಕ್ರಿಯೆಯಾದವರಿಗೂ ಅದೇ ಪರೀಕ್ಷೆಯನ್ನು ಮರಳಿ ಮರಳಿ ಮಾಡುತ್ತಾರೆ. ವೈದ್ಯರ ಒಪ್ಪಿಗೆ ದೊರೆಯುವ ತನಕ ವಾಹನ ನಡೆಸಲಾಗದು. ರಸ್ತೆ ದಾಟುವಾಗ ಕಣ್ಣನ್ನಷ್ಟೇ ಅಲ್ಲ, ಕತ್ತನ್ನೇ ಎರಡು ಕಡೆಗೂ ಹೊರಳಿಸಬೇಕು.